ಮೌನಕ್ಕೆ ಮೊದಲು ಕಟ್ಟು ಬೀಳಬೇಕು

ಮೌನ ಶಿಬಿರದ ಎರಡನೆಯ ದಿನ, ಮಧ್ಯಾಹ್ನ ಮೂರು ಗಂಟೆ. ಧ್ಯಾನದ ಹಾಲ್‌ನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಕುಳಿತಿದ್ದೆವು. ಯಾರಾದರೂ ಕೆಮ್ಮಿದರೆ ಅದೇ ದೊಡ್ಡ ಸದ್ದು. ನನ್ನ ತಲೆಯೊಳಗೆ ಮಾತ್ರ ಕಾಫಿ ಹಣ್ಣಿನ ಪಲ್ಪರ್ ಯಂತ್ರ ಓಡಿದಂತೆ ನೋವು, ಹಣೆಯ ಎರಡೂ ಬದಿ ಸಿಡಿಯುತ್ತಿತ್ತು. ಮೂಗಿನ ಹೊಳ್ಳೆಯ ಬಳಿ ಉಸಿರನ್ನು ಗಮನಿಸಿ ಎಂದಿದ್ದರು. ನನ್ನ ಗಮನವೆಲ್ಲ ಊರಿನಲ್ಲಿತ್ತು: ಸ್ಪ್ರಿಂಕ್ಲರ್ ಪಂಪಿನ ಡೀಸೆಲ್‌ಗೆ ತೋಟದ ಲೆಕ್ಕ ನೋಡುವ ರೈಟರ್ ಕೈಯಲ್ಲಿ ದುಡ್ಡು ಕೊಟ್ಟೆನೋ ಇಲ್ಲವೋ? ಅದು ಫೆಬ್ರವರಿಯ ಕೊನೆಯ ವಾರ, ರೊಬಸ್ಟಾ ಗಿಡಗಳಿಗೆ ಹೂ ಅರಳಲೆಂದು ಹೂ ನೀರು ಕೊಡುವ ಹೊತ್ತು. ಕೊಡಗಿನ ಕಾಫಿ ಬೆಳೆಗಾರ ತೋಟ ಬಿಟ್ಟು ಹತ್ತು ದಿನ ಫೋನಿಲ್ಲದೆ ಕೂರಲು ಅದಕ್ಕಿಂತ ಕೆಟ್ಟ ಸಮಯ ಇನ್ನೊಂದಿಲ್ಲ.

ತಲೆನೋವು ಕಾಫಿ ಬಿಟ್ಟದ್ದರಿಂದ ಬಂದದ್ದು. ಚಿಂತೆ, ಕೆಲಸ ಬಾಕಿ ಇಟ್ಟು ಹೋದದ್ದರಿಂದ ಬಂದದ್ದು. ಎರಡನ್ನೂ ಒಂದು ತಿಂಗಳು ಮೊದಲೇ ಸರಿಪಡಿಸಿಕೊಳ್ಳಬಹುದಿತ್ತು, ಆದರೆ ಹಾಗೆಂದು ನನಗೆ ಹೇಳುವವರು ಯಾರೂ ಇರಲಿಲ್ಲ. ಆಮೇಲೆ ಇನ್ನೆರಡು ಸಲ ಹೋಗಿ ಬಂದೆ. ಈಗ ನೆಂಟರಲ್ಲಿ, ಪರಿಚಯದವರಲ್ಲಿ ಯಾರಾದರೂ ಮೊದಲ ಬಾರಿ ಹೊರಟರೆ ಮನೆಗೆ ಬಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಊರ ದೇವರ ಹಬ್ಬಕ್ಕೆ ಮೊದಲು ‘ಕಟ್ಟು’ ಬೀಳುತ್ತದೆ. ಹಬ್ಬ ಇನ್ನೂ ಎಷ್ಟೋ ದಿನ ಇರುವಾಗಲೇ ಊರಿಗೆ ಊರೇ ನಿಯಮಕ್ಕೆ ಒಳಪಡುತ್ತದೆ. ಹಸಿ ಮರ ಕಡಿಯುವಂತಿಲ್ಲ, ಪ್ರಾಣಿ ಕೊಲ್ಲುವಂತಿಲ್ಲ, ಮದುವೆ ಇಟ್ಟುಕೊಳ್ಳುವಂತಿಲ್ಲ. ಊರಿಂದೂರಿಗೆ ನಿಯಮ ಬೇರೆ. ಹಬ್ಬಕ್ಕೆ ಇಷ್ಟು ಮೊದಲೇ ಕಟ್ಟು ಯಾಕೆ ಎಂದು ಚಿಕ್ಕಂದಿನಲ್ಲಿ ಅನಿಸುತ್ತಿತ್ತು. ಆ ಎರಡನೆಯ ದಿನದ ಮಧ್ಯಾಹ್ನ ಅದು ಅರ್ಥವಾಯಿತು. ದೇಹವಾಗಲಿ, ಮನೆಯಾಗಲಿ, ತೋಟವಾಗಲಿ ಒಂದೇ ರಾತ್ರಿಯಲ್ಲಿ ದಾರಿ ಬದಲಿಸುವುದಿಲ್ಲ. ಶಿಬಿರದ ಮೊದಲ ಗಂಟೆ ಬಾರಿಸುವ ಹೊತ್ತಿಗೆ ನಮ್ಮ ಕಟ್ಟು ಬಿದ್ದು ಒಂದು ತಿಂಗಳಾಗಿರಬೇಕು.

ಹತ್ತು ದಿನ ಮನೆ ಬಿಟ್ಟು ಒಂದು ಕಡೆ ಕೂರುವುದು ಜಿಲ್ಲೆಗೆ ಹೊಸತೇನಲ್ಲ. ರಂಜಾನಿನ ಕೊನೆಯ ಹತ್ತು ದಿನ ಮಸೀದಿಯಲ್ಲೇ ಉಳಿದು ಇತಿಕಾಫ್ ಆಚರಿಸುವವರಿದ್ದಾರೆ. ಕುಶಾಲನಗರದಿಂದ ಕಾವೇರಿ ಸೇತುವೆ ದಾಟಿದರೆ ಸಿಗುವ ಬೈಲುಕುಪ್ಪೆಯಲ್ಲಿ 1961ರಿಂದ ಟಿಬೆಟನ್ನರು ನೆಲೆಸಿದ್ದಾರೆ. ಅವರ ಭಿಕ್ಷುಗಳಿಗೆ ಮಳೆಗಾಲದಲ್ಲಿ ಮಠದ ಆವರಣ ಬಿಟ್ಟು ಹೋಗದೆ ಇರುವ ವರ್ಷಾವಾಸ ಉಂಟು. ಆ ಸಂಪ್ರದಾಯದಲ್ಲಿ ಮೂರು ವರ್ಷ ಮೂರು ತಿಂಗಳ ಏಕಾಂತವೂ ಇದೆ. ಕ್ರೈಸ್ತರಲ್ಲಿ ಇಗ್ನೇಷಿಯಸ್ ಲೊಯೋಲಾ ಹಾಕಿಕೊಟ್ಟ ಮೂವತ್ತು ದಿನಗಳ ಮೌನ ಧ್ಯಾನದ ಕ್ರಮ ಇಂದಿಗೂ ನಡೆಯುತ್ತದೆ. ಕೊಡೈಕೆನಾಲ್ ಹತ್ತಿರದ ಪೆರುಮಾಳ್‌ಮಲೈಯಲ್ಲಿ ಜೆಸ್ವಿಟ್ ಪಾದ್ರಿ ಆಮಾ ಸಾಮಿ ಅವರು ಕಟ್ಟಿದ ಬೋಧಿ ಝೆಂಡೋದಲ್ಲಿ ಝೆನ್ ಪದ್ಧತಿಯ ಮೌನವಿದೆ.

ಕನ್ನಡಿಗರಲ್ಲಿ ಹೆಚ್ಚು ಜನ ಮೊದಲ ಸಲಕ್ಕೆ ಹೋಗುವುದು ಸತ್ಯನಾರಾಯಣ ಗೋಯೆಂಕಾ ಪರಂಪರೆಯ ಹತ್ತು ದಿನದ ವಿಪಶ್ಯನಾ ಶಿಬಿರಕ್ಕೆ. ನಾನು ಹೋದದ್ದೂ ಅಲ್ಲಿಗೇ, ಹಾಗಾಗಿ ಅದನ್ನೇ ಹಿಡಿದು ಹೇಳುತ್ತೇನೆ. ಗೋಯೆಂಕಾ 1924ರಲ್ಲಿ ಬರ್ಮಾದ ಮಾಂಡಲೆಯಲ್ಲಿ ಹುಟ್ಟಿದ ಮಾರವಾಡಿ ವ್ಯಾಪಾರಿ. ಅವರನ್ನು 1955ರಲ್ಲಿ ಗುರು ಸಯಾಜಿ ಊ ಬಾ ಖಿನ್ ಅವರ ಬಾಗಿಲಿಗೆ ತಂದದ್ದು ಯಾವ ಔಷಧಕ್ಕೂ ಬಗ್ಗದ ಮೈಗ್ರೇನ್ ತಲೆನೋವು. 1969ರಲ್ಲಿ ಭಾರತಕ್ಕೆ ಬಂದು ಮುಂಬಯಿಯಲ್ಲಿ ಮೊದಲ ಶಿಬಿರ ನಡೆಸಿದರು. ಮಹಾರಾಷ್ಟ್ರದ ಇಗತ್‌ಪುರಿಯ ಧಮ್ಮಗಿರಿ ದೊಡ್ಡ ಕೇಂದ್ರವಾಗಿ ಬೆಳೆಯಿತು. 2013ರಲ್ಲಿ ಅವರು ತೀರಿಕೊಂಡರು. ಈಗಲೂ ಶಿಬಿರಗಳಲ್ಲಿ ಪಾಠ ನಡೆಯುವುದು ಅವರ ಧ್ವನಿಮುದ್ರಣದಿಂದಲೇ. ಸಹಾಯಕ ಆಚಾರ್ಯರು ಎದುರಿಗಿದ್ದು ನೋಡಿಕೊಳ್ಳುತ್ತಾರೆ. ಕೊಡಗಿನವರಿಗೆ ಅನುಕೂಲವಾದ ಕೇಂದ್ರ ಬೆಂಗಳೂರಿನ ತುಮಕೂರು ರಸ್ತೆಯಾಚೆ, ದಾಸನಪುರ ಹೋಬಳಿಯ ಆಲೂರಿನ ಧಮ್ಮ ಪಫುಲ್ಲ.

ಶುಲ್ಕವಿಲ್ಲ. ಊಟ, ವಸತಿಗೂ ಇಲ್ಲ. ದಾನ ಕೊಡಬೇಕೆನಿಸಿದರೂ ಒಂದು ಶಿಬಿರ ಪೂರ್ತಿ ಮುಗಿಸಿದವರಿಂದ ಮಾತ್ರ ತೆಗೆದುಕೊಳ್ಳುತ್ತಾರೆ. ಅಂದರೆ ನಾವು ಉಣ್ಣುವ ಅನ್ನ ಹಿಂದೆ ಕೂತು ಎದ್ದುಹೋದ ಯಾರದೋ ದಾನ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಸಾರಿಗೆ ಉಪ್ಪು ಕಡಿಮೆ ಎಂಬ ದೂರು ಬಾಯಿಗೆ ಬರುವುದಿಲ್ಲ.

ದಿನಚರಿ ಹೀಗಿರುತ್ತದೆ. ಬೆಳಗಿನ ಜಾವ 4ಕ್ಕೆ ಗಂಟೆ. 4.30ರಿಂದ 6.30ರವರೆಗೆ ಧ್ಯಾನ, ಆಮೇಲೆ ತಿಂಡಿ. 8ರಿಂದ 11ರವರೆಗೆ ಮತ್ತೆ ಧ್ಯಾನ. 11ಕ್ಕೆ ಊಟ. ದಿನದ ಕೊನೆಯ ಪೂರ್ಣ ಊಟ ಅದೇ. ಒಂದರಿಂದ ಐದರವರೆಗೆ ಧ್ಯಾನ. ಐದಕ್ಕೆ ಹೊಸಬರಿಗೆ ಹಣ್ಣು, ಚಹಾ, ಒಂದಿಷ್ಟು ಲಘು ತಿಂಡಿ. ಹಳೆ ಸಾಧಕರಿಗೆ ಬರೀ ನಿಂಬೆ ನೀರು. ಆರರಿಂದ ಏಳು ಸಾಮೂಹಿಕ ಧ್ಯಾನ, ಆಮೇಲೆ ಒಂದೂಕಾಲು ಗಂಟೆ ಪ್ರವಚನ, ಕೊನೆಗೆ ಇನ್ನೊಂದಿಷ್ಟು ಧ್ಯಾನ. 9.30ಕ್ಕೆ ದೀಪ ಆರುತ್ತದೆ. ಕೂಡಿಸಿ ನೋಡಿದರೆ ದಿನಕ್ಕೆ ಹತ್ತು ಗಂಟೆಗೂ ಹೆಚ್ಚು ಕೂರುವುದು. ಗಂಡಸರಿಗೂ ಹೆಂಗಸರಿಗೂ ಜಾಗ ಬೇರೆ ಬೇರೆ. ಫೋನ್, ಪುಸ್ತಕ, ಪೆನ್ನು, ಜಪಮಾಲೆ ಯಾವುದೂ ಇಲ್ಲ. ಮಾತಿಲ್ಲ; ಕೈಸನ್ನೆ, ಕಣ್ಸನ್ನೆಯೂ ಇಲ್ಲ. ಗಾಂಧೀಜಿ ಸೋಮವಾರದ ಮೌನದಲ್ಲಿ ಚೀಟಿ ಬರೆದು ಉತ್ತರಿಸುತ್ತಿದ್ದರು. ಇಲ್ಲಿ ಚೀಟಿಗೂ ಜಾಗವಿಲ್ಲ. ಇದಕ್ಕೆ ಆರ್ಯ ಮೌನ ಎನ್ನುತ್ತಾರೆ, ಹತ್ತನೆಯ ದಿನದ ಬೆಳಗಿನವರೆಗೆ.

ಈಗ ತಯಾರಿಯ ಮಾತು. ಮೊದಲಿಗೆ ತಿಂಗಳು ಆರಿಸಿಕೊಳ್ಳಿ. ತೋಟದವರಿಗೆ ಇದೇ ಅರ್ಧ ತಯಾರಿ. ಅರೇಬಿಕಾ ಹಣ್ಣು ನವೆಂಬರಿನಿಂದ ಕೈಗೆ ಬರುತ್ತದೆ, ಅದರ ಹಿಂದೆಯೇ ರೊಬಸ್ಟಾ. ಫೆಬ್ರವರಿ ಮುಗಿಯುವವರೆಗೆ ಕಣ ಬಿಟ್ಟು ಕದಲಲಾಗದು. ಫೆಬ್ರವರಿ, ಮಾರ್ಚಿನಲ್ಲಿ ಹೂ ನೀರು, ಅದರ ಹಿಂದೆ ಬ್ಯಾಕಿಂಗ್ ನೀರು, ಇಲ್ಲವೇ ಹೂ ಮಳೆ ಬಂತೇ ಎಂದು ಆಕಾಶ ನೋಡುತ್ತಾ ಕೂರುವ ಕಾಲ. ಏಪ್ರಿಲ್, ಮೇನಲ್ಲಿ ಮದುವೆಗಳ ಸಾಲು. ಹಾಗೆ ನೋಡಿದರೆ ಜುಲೈ-ಆಗಸ್ಟಿನ ಕಕ್ಕಡ ಮಾಸ ಹೇಳಿ ಮಾಡಿಸಿದಂತೆ ಕಾಣುತ್ತದೆ. ಶುಭಕಾರ್ಯ ಇಲ್ಲ, ಹೊರಗೆ ಬಿಡದ ಮಳೆ, ಬುದ್ಧನ ಕಾಲದಿಂದಲೂ ಭಿಕ್ಷುಗಳು ಒಂದೆಡೆ ನಿಲ್ಲುತ್ತಿದ್ದ ಋತು ಅದೇ. ಹಿಂದೆಯಾಗಿದ್ದರೆ ನಾನೂ ಕಕ್ಕಡವನ್ನೇ ಸೂಚಿಸುತ್ತಿದ್ದೆ. 2018ರ ಆಗಸ್ಟಿನ ಗುಡ್ಡ ಕುಸಿತದ ನಂತರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದ ನಂತರ ಹಾಗೆ ಹೇಳಲು ನಾಲಿಗೆ ಬರುವುದಿಲ್ಲ. ಇಳಿಜಾರಿನಲ್ಲಿ ಮನೆಯಿದ್ದು, ವಯಸ್ಸಾದವರು ಒಳಗಿದ್ದು, ಹೊರಗೆ ಮಳೆ ಸುರಿಯುತ್ತಿರುವಾಗ ಫೋನ್ ಕೊಟ್ಟು ಕೂತವರಿಗೆ ಧ್ಯಾನ ಹತ್ತುವುದಿಲ್ಲ; ಹತ್ತಲೂ ಬಾರದು.

ನನ್ನ ಅನುಭವದಲ್ಲಿ ಒಳ್ಳೆಯ ಕಾಲ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ, ತುಲಾ ಸಂಕ್ರಮಣಕ್ಕೆ ಮೊದಲು: ಸೆಪ್ಟೆಂಬರಿನ ಎರಡನೆಯ ವಾರದಿಂದ ಅಕ್ಟೋಬರಿನ ಮೊದಲ ವಾರ. ನಾಟಿ ಮುಗಿದಿರುತ್ತದೆ, ಮಳೆ ಇಳಿದಿರುತ್ತದೆ, ಹಣ್ಣು ಇನ್ನೂ ಹಸಿರಿರುತ್ತದೆ. ಮಕ್ಕಳ ಪರೀಕ್ಷೆ, ಕಚೇರಿಯ ರಜೆ ನೋಡಿಕೊಂಡು ಉಳಿದವರು ತಮ್ಮ ಲೆಕ್ಕ ಹಾಕಿಕೊಳ್ಳಲಿ. ಅರ್ಜಿಯನ್ನು ವಿಪಶ್ಯನಾ ಕೇಂದ್ರಗಳ ಜಾಲತಾಣದಲ್ಲೇ ತುಂಬಬೇಕು. ಸೀಟು ಬೇಗ ತುಂಬುವುದರಿಂದ ಎರಡು ಮೂರು ತಿಂಗಳು ಮೊದಲೇ ಹಾಕುವುದು ಕ್ಷೇಮ. ಭಾಷೆಯ ಕಾಲಂನಲ್ಲಿ ಕನ್ನಡ ಎಂದು ಸ್ಪಷ್ಟವಾಗಿ ನಮೂದಿಸಿ. ಸಂಜೆಯ ಪ್ರವಚನವನ್ನು ತನ್ನ ಭಾಷೆಯಲ್ಲಿ ಕೇಳುವುದಕ್ಕೂ ತಿಳಿದ ಇನ್ನೊಂದು ಭಾಷೆಯಲ್ಲಿ ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ.

ಅರ್ಜಿಯಲ್ಲಿ ಆರೋಗ್ಯದ ಪ್ರಶ್ನೆಗಳಿರುತ್ತವೆ. ಅಲ್ಲಿ ದಯವಿಟ್ಟು ಏನನ್ನೂ ಮುಚ್ಚಿಡಬೇಡಿ. ಖಿನ್ನತೆಗೆ, ಬೈಪೋಲಾರ್‌ಗೆ, ಆತಂಕಕ್ಕೆ ಮಾತ್ರೆ ತೆಗೆದುಕೊಳ್ಳುವವರು, ಹಿಂದೆ ಯಾವಾಗಲಾದರೂ ಮನಸ್ಸಿನ ಹಿಡಿತ ತಪ್ಪಿದ ಅನುಭವ ಇದ್ದವರು ಮೊದಲು ತಮ್ಮ ವೈದ್ಯರನ್ನು ಕೇಳಬೇಕು, ಆಮೇಲೆ ಕೇಂದ್ರಕ್ಕೆ ಬರೆಯಬೇಕು. ಧ್ಯಾನ ಎಲ್ಲರಿಗೂ ಎಲ್ಲ ಕಾಲಕ್ಕೂ ಹಿತ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಧ್ಯಾನ ಮಾಡುವಾಗ ಭಯ, ನಿದ್ರೆಗೇಡು, ತಾನು ತಾನಲ್ಲ ಎಂಬ ತಳಮಳ ಅನುಭವಿಸಿದವರ ಮಾತುಗಳನ್ನು ಎಚ್ಚರಿಕೆಯಿಂದ ದಾಖಲಿಸಿದ್ದಾರೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಮನೆಯಲ್ಲಿ ದುಃಖ ಹಸಿಯಾಗಿದ್ದರೆ, ಸಾವಾಗಿ ಒಂದೆರಡು ತಿಂಗಳಷ್ಟೇ ಆಗಿದ್ದರೆ ಸ್ವಲ್ಪ ತಡೆಯುವುದು ಒಳ್ಳೆಯದು. ಶಿಬಿರ ಮುಂದಿನ ವರ್ಷವೂ ಇರುತ್ತದೆ. ಯಾವ ಮಾತ್ರೆಯನ್ನೂ ಧ್ಯಾನದ ಹೆಸರಿನಲ್ಲಿ ನೀವಾಗಿ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆಯವರು, ಬಸುರಿಯರು ಸಂಜೆಯ ಊಟದ ವಿಚಾರವನ್ನು ಮೊದಲೇ ತಿಳಿಸಿದರೆ ವ್ಯವಸ್ಥೆ ಮಾಡಿಕೊಡುತ್ತಾರೆ.

ಇನ್ನು ಕಾಫಿ. ಬೆಳಿಗ್ಗೆ ಎದ್ದೊಡನೆ ಬೆಲ್ಲದ ಕರಿ ಕಾಫಿ, ತಿಂಡಿಗೊಂದು, ಹತ್ತೂವರೆಗೊಂದು, ಊಟದ ಮೇಲೊಂದು, ಯಾರಾದರೂ ಬಂದರೆ ಅವರ ಜೊತೆಗೊಂದು. ಕೊಡಗಿನಲ್ಲಿ ಇದನ್ನು ಯಾರೂ ಚಟ ಎನ್ನುವುದಿಲ್ಲ. ಆದರೆ ರಕ್ತಕ್ಕೆ ಅದು ಗೊತ್ತು. ಕೆಫೀನ್ ನಿಂತ ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಯಲ್ಲಿ ತಲೆನೋವು ಶುರುವಾಗುತ್ತದೆ, ಒಂದೆರಡು ದಿನದಲ್ಲಿ ತುತ್ತತುದಿಗೆ ಏರುತ್ತದೆ, ಕೆಲವರಿಗೆ ವಾರದವರೆಗೂ ಎಳೆಯುತ್ತದೆ. ಜೊತೆಗೆ ತೂಕಡಿಕೆ, ಸಿಡುಕು. ಶಿಬಿರದ ಎರಡನೆಯ ದಿನ ಓಡಿಹೋಗಬೇಕೆನಿಸುವವರಲ್ಲಿ ಎಷ್ಟೋ ಜನರಿಗೆ ಧ್ಯಾನ ಕಷ್ಟವಾಗಿರುವುದಿಲ್ಲ, ಕಾಫಿ ತಪ್ಪಿರುತ್ತದೆ ಎಂದು ನನ್ನ ಗಟ್ಟಿ ನಂಬಿಕೆ. ಬೆಳಗಿನ ಚಹಾ ಅಲ್ಲೂ ಸಿಗುತ್ತದೆ, ಆದರೆ ದಿನಕ್ಕೆ ಐದು ಲೋಟದ ರೂಢಿಗೆ ಅದು ಸಾಲದು. ಆದ್ದರಿಂದ ನಾಲ್ಕು ವಾರ ಮೊದಲೇ ವಾರಕ್ಕೊಂದು ಲೋಟದಂತೆ ಇಳಿಸುತ್ತಾ ಬನ್ನಿ. ಮೊದಲು ಮಧ್ಯಾಹ್ನದ್ದು, ಆಮೇಲೆ ಸಂಜೆಯದು. ಬೆಳಗಿನದನ್ನು ಕೊನೆಗೆ ಇಟ್ಟುಕೊಳ್ಳಿ. ಡಿಕಾಕ್ಷನ್ ತೆಳು ಮಾಡುವುದೂ ಒಂದು ದಾರಿ. ಬೀಡಿ, ಸಿಗರೇಟು, ಹೊಗೆಸೊಪ್ಪಿನ ಎಲೆಯಡಿಕೆಗೂ ಇದೇ ಮಾತು. ನಿಕೋಟಿನ್ ಬಿಟ್ಟ ಮೊದಲ ಮೂರು ದಿನವೇ ಅತಿ ಕಷ್ಟ. ಆ ಮೂರು ದಿನ ಮನೆಯಲ್ಲೇ ಕಳೆದುಹೋಗಲಿ.

ಮದ್ಯದ ವಿಷಯ ಬೇರೆ, ಅದನ್ನು ಇನ್ನೂ ಗಂಭೀರವಾಗಿ ಹೇಳಬೇಕು. ನಮ್ಮಲ್ಲಿ ಸಂಜೆ ಎರಡು ಪೆಗ್ ಎನ್ನುವುದು ಅನೇಕ ಮನೆಗಳಲ್ಲಿ ದಿನಚರಿಯೇ ಆಗಿದೆ. ಶಿಬಿರದಲ್ಲಿ ಪಂಚಶೀಲದ ಕೊನೆಯ ನಿಯಮ ಅಮಲು ಪದಾರ್ಥ ಮುಟ್ಟದಿರುವುದು. ಹಲವು ವರ್ಷ ದಿನಾ ಹೆಚ್ಚು ಕುಡಿದವರು ಹಠಾತ್ತನೆ ನಿಲ್ಲಿಸಿದರೆ ಕೈ ನಡುಕ, ಬೆವರು, ಮೊದಲ ಎರಡು ದಿನದಲ್ಲಿ ಫಿಟ್ಸ್, ಎರಡು ಮೂರನೆಯ ದಿನಕ್ಕೆ ಬುದ್ಧಿ ತಪ್ಪುವ ಸನ್ನಿವರೆಗೆ ಹೋಗಬಹುದು. ಜೀವಕ್ಕೇ ಅಪಾಯ. ಅಂಥವರು ಧ್ಯಾನ ಕೇಂದ್ರಕ್ಕಿಂತ ಮೊದಲು ವೈದ್ಯರ ಬಳಿ ಹೋಗಬೇಕು, ಅವರ ನಿಗಾದಲ್ಲಿ ಬಿಡಬೇಕು, ಬಿಟ್ಟು ಕೆಲವು ತಿಂಗಳು ಕಳೆದ ಮೇಲೆ ಶಿಬಿರದ ಯೋಚನೆ. ಮನೆಯವರು ‘ಅಲ್ಲಿಗೆ ಕಳಿಸಿದರೆ ಕುಡಿತ ಬಿಡಬಹುದು’ ಎಂದು ಒತ್ತಾಯದಿಂದ ಕಳಿಸುವುದನ್ನು ಕಂಡಿದ್ದೇನೆ. ಅದು ತಪ್ಪು.

ಊಟದ ಹೊಂದಾಣಿಕೆ ಇವುಗಳಷ್ಟು ದೊಡ್ಡದಲ್ಲ. ಪಂದಿ ಕರಿ, ಕಡಂಬುಟ್ಟಿನ ಬಾಯಿಗೆ ಹತ್ತು ದಿನ ಅನ್ನ, ಬೇಳೆ, ಪಲ್ಯ. ಕೊನೆಯ ಎರಡು ವಾರ ಮಾಂಸ ಕಡಿಮೆ ಮಾಡಿ, ರಾತ್ರಿಯ ಊಟವನ್ನು ದಿನದಿಂದ ದಿನಕ್ಕೆ ಹಗುರ ಮಾಡಿ, ಒಂಬತ್ತರ ಊಟವನ್ನು ಏಳಕ್ಕೆ ತನ್ನಿ. ಹೊರಡುವ ಹಿಂದಿನ ರಾತ್ರಿ ನೆಂಟರು ಪ್ರೀತಿಯಿಂದ ಇಡುವ ಔತಣವನ್ನು ಮಾತ್ರ ಕೈಮುಗಿದು ತಪ್ಪಿಸಿಕೊಳ್ಳಿ. ಹೊಟ್ಟೆ ಭಾರವಾಗಿ ಬೆಳಗಿನ ಜಾವ ನಾಲ್ಕೂವರೆಗೆ ಕೂರುವುದು ಆಗದ ಮಾತು.

ಕೂರುವ ಅಭ್ಯಾಸವನ್ನು ಇವತ್ತೇ ಶುರುಮಾಡಿ. ನಾವು ಕುರ್ಚಿಯವರಾಗಿ ಎಷ್ಟೋ ವರ್ಷವಾಯಿತು. ಮೊದಲ ವಾರ ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ನೆಲದ ಮೇಲೆ ಚಕ್ಕಳಮಕ್ಕಳ. ವಾರವಾರವೂ ಹತ್ತು ನಿಮಿಷ ಏರಿಸಿದರೆ ತಿಂಗಳ ಕೊನೆಗೆ ನಲವತ್ತಕ್ಕೆ ಬರುತ್ತೀರಿ. ಗುಟ್ಟು ಇರುವುದು ಸೊಂಟದ ಎತ್ತರದಲ್ಲಿ. ಮಡಿಸಿದ ಕಂಬಳಿಯನ್ನೋ ಗಟ್ಟಿ ದಿಂಬನ್ನೋ ಕೆಳಗಿಟ್ಟು ಸೊಂಟವನ್ನು ಮೊಣಕಾಲಿಗಿಂತ ಮೇಲೆ ತಂದರೆ ಬೆನ್ನು ತಾನಾಗಿ ನೇರವಾಗುತ್ತದೆ, ಜೋಮು ಹಿಡಿಯುವುದೂ ಕಡಿಮೆ. ಮೊಣಕಾಲು ಸವೆದವರು, ಸ್ಲಿಪ್ ಡಿಸ್ಕ್ ಇರುವವರು ಕುರ್ಚಿ ಕೇಳಿ ತೆಗೆದುಕೊಳ್ಳಬಹುದು, ಅದರಲ್ಲಿ ಸಂಕೋಚ ಬೇಡ. ಎಲ್ಲಿ ಕೂರುವುದು? ಮನೆತನದ ಮೂಲಮನೆಯಾದ ಐನ್‌ಮನೆ ಇದ್ದವರಿಗೆ ಸಂಜೆ ತೂಗುದೀಪ ಹಚ್ಚಿದ ಮೇಲಿನ ನಡುಮನೆಗಿಂತ ಒಳ್ಳೆಯ ಜಾಗ ಬೇಡ. ಪೊನ್ನಂಪೇಟೆ ಸುತ್ತಮುತ್ತಲಿನವರು 1927ರಿಂದ ಇರುವ ಶ್ರೀ ರಾಮಕೃಷ್ಣ ಶಾರದಾಶ್ರಮದ ಸಂಜೆಯ ಆರತಿಗೆ ಹೋಗಿ, ಮುಗಿದ ಮೇಲೆ ಎದ್ದು ಬಾರದೆ ಅರ್ಧ ಗಂಟೆ ಅಲ್ಲೇ ಕೂತು ನೋಡಲಿ. ಕುಶಾಲನಗರದ ಕಡೆಯವರಿಗೆ ಪೆನೋರ್ ರಿಂಪೋಚೆ 1963ರಲ್ಲಿ ಆರಂಭಿಸಿದ ನಾಮ್‌ಡ್ರೋಲಿಂಗ್ ಮಠವಿದೆ. ಶನಿವಾರ, ಭಾನುವಾರ ಅಲ್ಲಿ ಪ್ರವಾಸಿಗರ ಗದ್ದಲ. ವಾರದ ನಡುವೆ ಬೆಳಿಗ್ಗೆ ಹೋದರೆ ಮೂರು ದೊಡ್ಡ ಚಿನ್ನದ ಮೂರ್ತಿಗಳ ಎದುರು ಯಾರೂ ಮಾತಾಡಿಸದೆ ಕೂರಲು ಸಾಧ್ಯ.

ಮೌನದ ಅಭ್ಯಾಸಕ್ಕೆ ಒಂದು ಭಾನುವಾರ ಇಡಿ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಮಾತಿಲ್ಲ, ಫೋನಿಲ್ಲ, ಟಿವಿ ಇಲ್ಲ, ಪೇಪರೂ ಇಲ್ಲ. ಮನೆಯವರಿಗೆ ಹಿಂದಿನ ದಿನವೇ ಹೇಳಿ, ಇಲ್ಲದಿದ್ದರೆ ಸಿಟ್ಟಾಗಿದ್ದೀರಿ ಎಂದುಕೊಳ್ಳುತ್ತಾರೆ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರ ಕಾಡುಗಳಿವೆ. ಹತ್ತಿರದ್ದರ ಅಂಚಿನಲ್ಲಿ ಹಗಲು ಹೊತ್ತು ನಿಧಾನ ನಡೆದು ಬನ್ನಿ. ಆನೆ ಓಡಾಡುವ ಊರಾದರೆ ಮುಂಜಾನೆ, ಮುಸ್ಸಂಜೆ ಖಂಡಿತ ಬೇಡ, ಅಂಗಳದಲ್ಲೇ ನಡೆಯಿರಿ. ಆ ದಿನ ನಿಮಗೆ ಗೊತ್ತಾಗುವ ಸಂಗತಿ ಒಂದೇ: ಕೈ ಎಷ್ಟು ಸಲ ಜೇಬಿಗೆ ಹೋಗುತ್ತದೆ. ನನ್ನದು ಮೊದಲ ಒಂದು ಗಂಟೆಯಲ್ಲೇ ಹನ್ನೊಂದು ಸಲ ಹೋಗಿತ್ತು.

ಇನ್ನು ಮನೆ. ಹತ್ತು ದಿನ ಮಾತು ಬಿಟ್ಟು ಕೂರುತ್ತೇನೆ ಎಂದಾಗ ನಮ್ಮ ದೊಡ್ಡಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟು ಕೇಳಿದರು: ‘ಮನೇಲಿ ಯಾರಾದ್ರೂ ಏನಾದ್ರೂ ಅಂದ್ರಾ ಮಗಾ?’ ನಮ್ಮ ಹಿರಿಯರಿಗೆ ಮೌನ ಎಂದರೆ ಮುನಿಸು, ಇಲ್ಲವೇ ಸಂನ್ಯಾಸ. ಅವರ ಜೊತೆ ಕೂತು, ಎಲ್ಲಿಗೆ, ಎಷ್ಟು ದಿನ, ಏನು ಊಟ, ಯಾವತ್ತು ವಾಪಸು ಎಂದು ಬಿಡಿಸಿ ಹೇಳಿ. ಕೇಂದ್ರದ ಕಚೇರಿಯ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ತೀರಾ ತುರ್ತಿದ್ದರೆ ಅಲ್ಲಿಗೆ ಫೋನ್ ಮಾಡಿದರೆ ನಿಮಗೆ ಸುದ್ದಿ ಮುಟ್ಟುತ್ತದೆ. ಯಾವುದು ತುರ್ತು, ಯಾವುದು ಅಲ್ಲ ಎಂದು ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಪಂಪು ಕೆಟ್ಟರೆ ತುರ್ತಲ್ಲ, ಅಪ್ಪನಿಗೆ ಎದೆನೋವು ಬಂದರೆ ತುರ್ತು.

ತೋಟದ ಮಟ್ಟಿಗೆ ರೈಟರ್ ಅಥವಾ ಮೇಸ್ತ್ರಿ ಜೊತೆ ಒಂದು ಸಂಜೆ ಪೂರ್ತಿ ಕೂರಬೇಕು. ಎರಡು ಶನಿವಾರದ ಬಟವಾಡೆ ದುಡ್ಡು ಲೆಕ್ಕ ಹಾಕಿ ಬೇರೆ ಬೇರೆ ಲಕೋಟೆಯಲ್ಲಿ. ಡೀಸೆಲ್‌ಗೆ, ಗೊಬ್ಬರಕ್ಕೆ, ಕೆಲಸಗಾರರ ಲೈನ್ ಮನೆಯಲ್ಲಿ ಯಾರಿಗಾದರೂ ಆಸ್ಪತ್ರೆ ಖರ್ಚು ಬಂದರೆ ಅದಕ್ಕೆ ಇನ್ನೊಂದು. ಕರೆಂಟ್ ಬಿಲ್, ಸಹಕಾರ ಸಂಘದ ಕಂತು, ಮಕ್ಕಳ ಫೀಸು ಆ ದಿನಗಳಲ್ಲಿ ಬೀಳುವುದಿದ್ದರೆ ಕಟ್ಟಿ ಹೋಗಿ. ಯಾರ ಹತ್ತಿರವಾದರೂ ಮಾತು ಕೆಟ್ಟಿದ್ದರೆ, ಆಗುವುದಾದರೆ ಹೊರಡುವ ಮೊದಲೇ ಒಮ್ಮೆ ಮಾತಾಡಿಬಿಡಿ. ಹಾಲ್‌ನಲ್ಲಿ ಕಣ್ಣು ಮುಚ್ಚಿದರೆ ಮೊದಲು ಎದುರಿಗೆ ಬಂದು ನಿಲ್ಲುವವರು ಅವರೇ. ಅಣ್ಣತಮ್ಮಂದಿರ ಪಿತ್ರಾರ್ಜಿತ ಜಮ್ಮಾ ಜಾಗದ ತಕರಾರನ್ನು ಹತ್ತು ದಿನವೂ ಮನಸ್ಸಿನಲ್ಲೇ ಕೋರ್ಟಿನಲ್ಲಿ ವಾದಿಸಿ ಬಂದವರೊಬ್ಬರು ಹತ್ತನೆಯ ದಿನ ನನ್ನ ಪಕ್ಕದಲ್ಲಿ ಕೂತು ಅತ್ತರು.

ಚೀಲಕ್ಕೆ ಹೆಚ್ಚೇನೂ ಬೇಡ. ಸಡಿಲ ಹತ್ತಿ ಬಟ್ಟೆ, ಮೈ ಮುಚ್ಚುವಂಥದ್ದು, ಸರಸರ ಸದ್ದು ಮಾಡದಂಥದ್ದು. ಬೆಳಗಿನ ಜಾವಕ್ಕೆ ಶಾಲು ಅಥವಾ ಸ್ವೆಟರ್. ಸುಲಭವಾಗಿ ಕಳಚುವ ಚಪ್ಪಲಿ, ಕೊಡೆ, ಟಾರ್ಚು, ಸೊಳ್ಳೆಗೆ ಹಚ್ಚುವ ಮುಲಾಮು, ಗಾಢ ವಾಸನೆಯಿಲ್ಲದ ಸೋಪು, ಹೊದಿಕೆ, ಬೀಗ. ಫೋನ್ ಇರುವುದಿಲ್ಲವಾದ್ದರಿಂದ ಚಿಕ್ಕ ಅಲಾರಂ ಗಡಿಯಾರ. ಮಾತ್ರೆಗಳನ್ನು ಚೀಟಿ ಸಮೇತ ಎರಡು ದಿನಕ್ಕೆ ಹೆಚ್ಚಾಗಿ. ಗೆಜ್ಜೆ, ಗಲಗಲ ಬಳೆ ಮನೆಯಲ್ಲಿರಲಿ.

ನಮ್ಮ ಜಿಲ್ಲೆಗೆ ರೈಲಿಲ್ಲ. ಮಡಿಕೇರಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಆರು ಗಂಟೆ ಹಿಡಿಯುತ್ತದೆ. ಶಿಬಿರಕ್ಕೆ ಮಧ್ಯಾಹ್ನದ ನಂತರ ಹಾಜರಾಗಬೇಕು, ಆದ್ದರಿಂದ ಬೆಳಗ್ಗಿನ ಬಸ್ಸನ್ನೇ ನಂಬಿದರೆ ದಾರಿಯಲ್ಲಿ ಉಸಿರು ಬಿಗಿಹಿಡಿಯಬೇಕಾಗುತ್ತದೆ. ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಉಳಿಯಿರಿ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಇಳಿದರೆ ದೀಪಾಂಜಲಿ ನಗರ ಮೆಟ್ರೊ ಹತ್ತಿರ; ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಕೊನೆಯ ನಿಲ್ದಾಣ ಮಾದಾವರದವರೆಗೆ ಹೋಗಬಹುದು. 2024ರ ನವೆಂಬರಿನಲ್ಲಿ ಆ ಭಾಗ ಆರಂಭವಾದ ಮೇಲೆ ತುಮಕೂರು ರಸ್ತೆಯ ವಾಹನ ದಟ್ಟಣೆಯ ಕಾಟ ತಪ್ಪಿದೆ. ಅಲ್ಲಿಂದ ಆಟೊ.

ಒಳಗಿನ ದಿನಗಳ ಬಗ್ಗೆ ಬಹಳ ಹೇಳಬಾರದು, ಅವರವರ ಅನುಭವ ಅವರವರದು. ಇಷ್ಟು ತಿಳಿದಿರಲಿ. ಮೊದಲ ಮೂರೂವರೆ ದಿನ ಆನಾಪಾನ, ಅಂದರೆ ಬಂದು ಹೋಗುವ ಉಸಿರನ್ನು ಮೂಗಿನ ಕೆಳಗೆ ಗಮನಿಸುವುದು, ಅಷ್ಟೇ. ಬೇಸರ ಬರುತ್ತದೆ. ಮೂವತ್ತು ವರ್ಷದ ಹಿಂದಿನ ಸಿನಿಮಾ ಹಾಡು ಬಂದು ಎರಡು ದಿನ ಬಿಡದೆ ಕೂರುತ್ತದೆ. ನಾಲ್ಕನೆಯ ದಿನ ವಿಪಶ್ಯನಾ ಕಲಿಸುತ್ತಾರೆ: ನೆತ್ತಿಯಿಂದ ಕಾಲ್ಬೆರಳಿನವರೆಗೆ ಮೈಮೇಲೆ ಏಳುವ ಸಂವೇದನೆಗಳನ್ನು ಒಂದೊಂದಾಗಿ, ಬೇಕು ಬೇಡ ಎನ್ನದೆ ನೋಡುವುದು. ಅಲ್ಲಿಂದ ದಿನಕ್ಕೆ ಮೂರು ಸಲ ಒಂದು ಗಂಟೆಯ ಅಧಿಷ್ಠಾನ. ಕೈ, ಕಾಲು, ಕಣ್ಣು ತೆರೆಯದೆ, ಕದಲದೆ ಕೂರುವ ಸಂಕಲ್ಪ. ತಿಂಗಳ ಕೊನೆಗೆ ನಲವತ್ತು ನಿಮಿಷ ಕೂತು ಅಭ್ಯಾಸವಾದವರಿಗೆ ಉಳಿಯುವುದು ಇಪ್ಪತ್ತು ನಿಮಿಷದ ಕಷ್ಟ. ಅಭ್ಯಾಸ ಇಲ್ಲದವರಿಗೆ ಗಂಟೆಯೇ ಕಷ್ಟ.

ಒಂದು ತಪ್ಪು ತಿಳಿವಳಿಕೆ ನಮ್ಮವರಲ್ಲಿ ಹೆಚ್ಚು. ಮೌನ ಎಂದರೆ ನೋವನ್ನು ನುಂಗಿಕೊಂಡಿರುವುದು ಎಂದು. ಹಾಗಲ್ಲ. ಮಧ್ಯಾಹ್ನ 12ರಿಂದ 1ರವರೆಗೆ ಆಚಾರ್ಯರನ್ನು ಒಬ್ಬೊಬ್ಬರಾಗಿ ಕಂಡು ಧ್ಯಾನದ ತೊಡಕು ಕೇಳಬಹುದು; ಹೊದಿಕೆ, ಊಟ, ಜ್ವರದಂಥ ವಿಷಯಕ್ಕೆ ಧಮ್ಮ ಸೇವಕರಿದ್ದಾರೆ. ಭಯ ಏರಿದರೆ, ಎರಡು ರಾತ್ರಿ ನಿದ್ದೆಯೇ ಬರದಿದ್ದರೆ, ಏನೋ ಸರಿಯಿಲ್ಲ ಅನಿಸಿದರೆ ತಕ್ಷಣ ಹೇಳಿ. ಮರ್ಯಾದೆಗೆ ಅಂಜಿ ತಡೆದುಕೊಳ್ಳುವ ಸ್ವಭಾವದ ಗಂಡಸರಿಗೆ ಇದನ್ನು ಎರಡು ಸಲ ಹೇಳುತ್ತೇನೆ.

ಹತ್ತನೆಯ ದಿನ ಮೈತ್ರಿ ಧ್ಯಾನ ಕಲಿಸಿದ ಮೇಲೆ ಮೌನ ಸಡಿಲವಾಗುತ್ತದೆ. ಮೊದಲ ಮಾತು ಆಡಿದಾಗ ಗಂಟಲು ಕಟ್ಟಿದ್ದು ನೆನಪಿದೆ. ಒಂಬತ್ತು ದಿನ ಚಪ್ಪಲಿ ನೋಡಿಯೇ ಗುರುತು ಹಿಡಿದವರ ಮುಖ, ಹೆಸರು, ಊರು ಆಗ ತಿಳಿಯುತ್ತದೆ. ಮರುದಿನ ಬೆಳಿಗ್ಗೆ ಶಿಬಿರ ಮುಗಿಯುತ್ತದೆ. ಸ್ವಂತ ಗಾಡಿ ಓಡಿಸಿಕೊಂಡು ಬಂದು ಅದೇ ದಿನ ಘಟ್ಟದ ತಿರುವು ಹತ್ತುವ ಸಾಹಸ ಬೇಡ; ಬಸ್ಸಿನಲ್ಲೇ ಬನ್ನಿ. ಫೋನ್ ಕೈಗೆ ಬಂದೊಡನೆ ಮನೆಗೊಂದು ಕರೆ ಸಾಕು, ವಾಟ್ಸಾಪ್ ತೆರೆಯುವುದು ಸಂಜೆಗಿರಲಿ. ವಾಪಸು ಬಂದ ಮೊದಲ ಎರಡು ದಿನ ಮದುವೆ ಮನೆ, ಪಾರ್ಟಿ, ಪಂಚಾಯಿತಿ ಇಟ್ಟುಕೊಳ್ಳಬೇಡಿ. ಬೆಳಿಗ್ಗೆ ಸಂಜೆ ಒಂದೊಂದು ಗಂಟೆ ಕೂರಿ ಎಂದು ಅಲ್ಲಿ ಹೇಳಿ ಕಳಿಸುತ್ತಾರೆ. ಹಣ್ಣು ಕುಯ್ಲಿನ ದಿನಗಳಲ್ಲಿ ನನಗೆ ಅದು ಅರ್ಧ ಗಂಟೆಗೆ ಇಳಿಯುತ್ತದೆ. ಬಿಟ್ಟುಹೋಗದಂತೆ ಮಾತ್ರ ನೋಡಿಕೊಂಡಿದ್ದೇನೆ.

ಆ ಮೊದಲ ಶಿಬಿರ ಮುಗಿಸಿ ಭಾನುವಾರ ರಾತ್ರಿ ಮನೆ ಸೇರಿದೆ. ಸೋಮವಾರ ಬೆಳಿಗ್ಗೆ ತೋಟಕ್ಕೆ ಹೋದಾಗ ರೈಟರ್ ಪುಸ್ತಕ ತೆಗೆದು ಲೆಕ್ಕ ಒಪ್ಪಿಸಿದರು. ಡೀಸೆಲ್‌ಗೆ ನಾನು ದುಡ್ಡು ಕೊಟ್ಟಿರಲಿಲ್ಲ. ಪಕ್ಕದ ತೋಟದವರ ಹತ್ತಿರ ಕೈಸಾಲ ತಂದು ಪಂಪು ಓಡಿಸಿದ್ದರು. ಎರಡು ಕಡೆ ಪೈಪ್ ಒಡೆದಿತ್ತು, ಸರಿಮಾಡಿಸಿದ್ದರು. ನೀರು ಎಲ್ಲ ಗಿಡಕ್ಕೂ ಬಿದ್ದಿತ್ತು. ಕೆಳಗಿನ ಬ್ಲಾಕಿನಲ್ಲಿ ಆಗಲೇ ಹೂ ಬಿಚ್ಚಿ, ಇಡೀ ಇಳಿಜಾರು ಬೆಳ್ಳಗಾಗಿತ್ತು. ಕೈಸಾಲವನ್ನು ಅಂದೇ ತೀರಿಸಿದೆ. ಮುಂದಿನ ಸಲ ಸೆಪ್ಟೆಂಬರಿನಲ್ಲಿ ಹೊರಟೆ, ಲಕೋಟೆಗಳನ್ನು ಎಣಿಸಿ ಅವರ ಕೈಗೆ ಕೊಟ್ಟು.